ಆಡಿಸುವವರ ಸಾಲಿನಲ್ಲಿ ಒಬ್ಬಳು

“ಆಟ ಆಡಿದರೆ ಹೊಟ್ಟೆ ತುಂಬುತ್ತದೆಯೇ?” ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮನೆಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ ಇದು. ಎಲ್ಲರೂ ತೆಂಡೂಲ್ಕರ್ ಆಗಲಾರರು ಎಂಬ ಹಿರಿಯರ ಮಾತೂ ಸುಳ್ಳಲ್ಲ. ಆದರೆ ಕ್ರೀಡೆಯಲ್ಲಿ ಆಡುವವರಷ್ಟೇ ಅಲ್ಲ, ಆಡಿಸುವವರೂ ಇದ್ದಾರೆ. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಸಂಬಳ ಎಂದು ತೀರ್ಮಾನಿಸುವ ಜನ ಅವರು. ಲೆಕ್ಕ, ಕಾನೂನು, ವ್ಯವಹಾರ ಬಲ್ಲವರಿಗೆ ಅಲ್ಲಿ ಕೈತುಂಬ ಕೆಲಸವಿದೆ. ಆ ಕೆಲಸದಲ್ಲಿ ಮೂವತ್ತು ವರ್ಷ ದುಡಿದು, ಅದುವರೆಗೆ ಯಾವ ಹೆಣ್ಣೂ ಕೂರದ ಕುರ್ಚಿಯಲ್ಲಿ ಕೂತವರು ಅಮೆರಿಕದ ಕಿಮ್ ಆಂಗ್.

1968ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕಿಮ್ ಚೀನೀ ಮೂಲದ ಕುಟುಂಬದವರು. ಐವರು ಹೆಣ್ಣುಮಕ್ಕಳಲ್ಲಿ ಹಿರಿಯವರು. ಹನ್ನೊಂದನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ಬಾಲ್ ಆಡುತ್ತಲೇ ಸಾರ್ವಜನಿಕ ನೀತಿ ವಿಷಯ ಓದಿ 1990ರಲ್ಲಿ ಪದವಿ ಪಡೆದರು. ಪದವಿಗಾಗಿ ಅವರು ಬರೆದ ಪ್ರಬಂಧ 1972ರ ‘ಟೈಟಲ್ ನೈನ್’ ಕಾನೂನಿನ ಬಗ್ಗೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎನ್ನುವ ಈ ಕಾನೂನಿನಿಂದಲೇ ಅಮೆರಿಕದ ಶಾಲೆ ಕಾಲೇಜುಗಳ ಮೈದಾನಕ್ಕೆ ಲಕ್ಷಾಂತರ ಹುಡುಗಿಯರು ಇಳಿದರು.

ಓದು ಮುಗಿಸಿದ ಕಿಮ್, ಷಿಕಾಗೋ ವೈಟ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡದ ಕಚೇರಿಗೆ ತರಬೇತಿಗೆಂದು ಸೇರಿದರು. ಮರುವರ್ಷ ಕೆಲಸ ಕಾಯಂ ಆಯಿತು. ಬೇಸ್‌ಬಾಲ್‌ನಲ್ಲಿ ಸಂಬಳದ ತಕರಾರು ಬಗೆಹರಿಸಲು ವಿಚಿತ್ರವಾದ ಪದ್ಧತಿಯೊಂದಿದೆ. ಆಟಗಾರ ಒಂದು ಮೊತ್ತ ಕೇಳುತ್ತಾನೆ, ತಂಡ ಇನ್ನೊಂದು ಹೇಳುತ್ತದೆ. ಮಧ್ಯಸ್ಥಗಾರರು ಎರಡರಲ್ಲೊಂದನ್ನೇ ಆರಿಸಬೇಕು. ನಡುವಿನ ದಾರಿ ಇಲ್ಲ. ಹಾಗಾಗಿ ಅಂಕಿಅಂಶ ಯಾರ ಬೆರಳ ತುದಿಯಲ್ಲಿದೆಯೋ ಅವರದೇ ಗೆಲುವು. 1995ರಲ್ಲಿ ಅಲೆಕ್ಸ್ ಫರ್ನಾಂಡಿಸ್ ಎಂಬ ಆಟಗಾರನ ಪ್ರಕರಣದಲ್ಲಿ ತಂಡದ ಪರವಾಗಿ ವಾದ ಮಂಡಿಸಿದವರು ಕಿಮ್. ಎದುರಿಗೆ ಹೆಸರಾಂತ ಏಜೆಂಟ್ ಸ್ಕಾಟ್ ಬೋರಾಸ್. ಗೆದ್ದದ್ದು ಕಿಮ್! ಇಂಥ ವಾದ ಮಂಡಿಸಿದ ಮೊದಲ ಮಹಿಳೆ ಅವರು.

1998ರಲ್ಲಿ, ಇಪ್ಪತ್ತೊಂಬತ್ತರ ಹರೆಯದಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡದ ಸಹಾಯಕ ಜನರಲ್ ಮ್ಯಾನೇಜರ್ ಆದರು. ಆ ವರ್ಷವೂ ಮುಂದಿನ ಎರಡು ವರ್ಷವೂ ಯಾಂಕೀಸ್ ಚಾಂಪಿಯನ್. ಅನಂತರ ಅದೇ ಹುದ್ದೆಯಲ್ಲಿ ಲಾಸ್ ಏಂಜಲಿಸ್ ಡಾಜರ್ಸ್ ಸೇರಿದರು. ದಾರಿ ಹೂವಿನ ಹಾಸಿಗೆಯೇನಾಗಿರಲಿಲ್ಲ. 2003ರ ಸಭೆಯೊಂದರಲ್ಲಿ ಬೇರೊಂದು ತಂಡದ ಅಧಿಕಾರಿ ಅವರ ಚೀನೀ ಮೂಲವನ್ನು ಬಹಿರಂಗವಾಗಿ ಅಣಕಿಸಿದ, ಕೆಲಸ ಕಳೆದುಕೊಂಡ.

2005ರಲ್ಲಿ ಡಾಜರ್ಸ್‌ನ ಜನರಲ್ ಮ್ಯಾನೇಜರ್ ಹುದ್ದೆಗೆ ಕಿಮ್ ಸಂದರ್ಶನ ಎದುರಿಸಿದರು. ಆ ಹುದ್ದೆ ಬೇರೆಯವರಿಗೆ ಹೋಯಿತು. ಮುಂದೆಯೂ ಹಲವು ತಂಡಗಳು ಕರೆದವು, ಮಾತಾಡಿಸಿದವು, ಕಳಿಸಿದವು. 2011ರಲ್ಲಿ ಅವರು ಬೇಸ್‌ಬಾಲ್ ಲೀಗಿನ ಕೇಂದ್ರ ಕಚೇರಿಗೆ ಹಿರಿಯ ಉಪಾಧ್ಯಕ್ಷೆಯಾಗಿ ಹೋದರು. ಕೊನೆಗೆ 2020ರ ನವೆಂಬರ್‌ನಲ್ಲಿ ಮಯಾಮಿ ಮಾರ್ಲಿನ್ಸ್ ತಂಡ ಅವರನ್ನು ಜನರಲ್ ಮ್ಯಾನೇಜರ್ ಆಗಿ ನೇಮಿಸಿತು. ಅಮೆರಿಕದ ನಾಲ್ಕು ದೊಡ್ಡ ಪುರುಷರ ಲೀಗುಗಳಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಆಗ ಮಾರ್ಲಿನ್ಸ್‌ನ ಮುಖ್ಯಸ್ಥರಾಗಿದ್ದವರು ಡೆರೆಕ್ ಜೀಟರ್. ಯಾಂಕೀಸ್ ದಿನಗಳಲ್ಲಿ ಆಟಗಾರನಾಗಿ ಕಿಮ್ ಅವರ ಕೆಲಸವನ್ನು ಹತ್ತಿರದಿಂದ ಕಂಡವರು.

ಮೊದಲ ಸಂದರ್ಶನಕ್ಕೂ ಈ ನೇಮಕಕ್ಕೂ ನಡುವೆ ಹದಿನೈದು ವರ್ಷ!

ಕುರ್ಚಿ ಸಿಕ್ಕಮೇಲೆ ಏನಾಯಿತು? 2021ರಲ್ಲಿ ಮಾರ್ಲಿನ್ಸ್ ಗೆದ್ದದ್ದು ಕೇವಲ 67 ಪಂದ್ಯ. 2023ರ ಆರಂಭದಲ್ಲಿ ಕಿಮ್ ಒಳ್ಳೆಯ ಪಿಚರ್ ಪ್ಯಾಬ್ಲೊ ಲೋಪೆಜ್‌ನನ್ನು ಬಿಟ್ಟುಕೊಟ್ಟು ಲೂಯಿಸ್ ಅರಾಯೆಜ್ ಎಂಬ ಬ್ಯಾಟರನ್ನು ತಂದರು. ಆತ ಆ ವರ್ಷ 0.354 ಸರಾಸರಿಯೊಂದಿಗೆ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪಟ್ಟಿಯಲ್ಲಿ ಮೊದಲಿಗನಾದ. ತಂಡ 84 ಪಂದ್ಯ ಗೆದ್ದು ನಾಕೌಟ್ ಹಂತ ತಲುಪಿತು. ಪೂರ್ಣಾವಧಿಯ ಋತುವಿನಲ್ಲಿ ಅದು ಈ ಹಂತ ಕಂಡದ್ದು 2003ರ ನಂತರ ಅದೇ ಮೊದಲು.

ಅಷ್ಟಾದ ಮೇಲೂ ಮಾಲೀಕರು ಕಿಮ್ ಅವರ ಮೇಲೆ ಇನ್ನೊಬ್ಬ ಮುಖ್ಯಸ್ಥರನ್ನು ತರಲು ಹೊರಟರು. ಇನ್ನೊಂದು ವರ್ಷ ಮುಂದುವರಿಯುವ ಅವಕಾಶವಿದ್ದರೂ ಕಿಮ್ ಒಪ್ಪದೆ ಹೊರನಡೆದರು. 2025ರಲ್ಲಿ ಅವರು ಮಹಿಳೆಯರ ವೃತ್ತಿಪರ ಸಾಫ್ಟ್‌ಬಾಲ್ ಲೀಗೊಂದರ ಕಮಿಷನರ್ ಆದರು. ಕಾಲೇಜಿನಲ್ಲಿ ತಾವು ಆಡಿದ್ದ ಆಟವೇ ಅದು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದಿದೆ. ಕಿಮ್ ಕ್ರೀಡಾ ನಿರ್ವಹಣೆಯ ಪದವಿ ಪಡೆದವರಲ್ಲ. ಈಗ ಅಂಥ ಕೋರ್ಸುಗಳು ನಮ್ಮ ದೇಶದಲ್ಲೂ ಇವೆ. ಆದರೆ ಅವರನ್ನು ಕಾಪಾಡಿದ್ದು ಅಂಕಿಅಂಶದ ಹಿಡಿತ ಮತ್ತು ಒಪ್ಪವಾಗಿ ವಾದ ಮಂಡಿಸುವ ಅಭ್ಯಾಸ. ಇವೆರಡನ್ನೂ ಯಾವ ಕಾಲೇಜಿನಲ್ಲಿದ್ದರೂ ರೂಢಿಸಿಕೊಳ್ಳಬಹುದು. ಕಾಯುತ್ತಿದ್ದ ಹದಿನೈದು ವರ್ಷವೂ ಅವರು ಕೆಲಸದಲ್ಲೇ ಇದ್ದರು.

ತಂದೆತಾಯಂದಿರಿಗೂ ಒಂದು ಮಾತು. ಈ ಕಥೆಯಿಂದ ಮಗಳಿಗೆ ತಾಳ್ಮೆಯನ್ನಷ್ಟೇ ಬೋಧಿಸಬೇಡಿ. ಯೋಗ್ಯತೆ ಇದ್ದವಳನ್ನು ಹದಿನೈದು ವರ್ಷ ಕಾಯಿಸಿದ್ದು ಆಕೆಯ ತಪ್ಪಲ್ಲ, ಬಾಗಿಲು ಹಾಕಿಕೊಂಡು ಕೂತವರದು. ನಮ್ಮ ಮನೆಯ ಬಾಗಿಲನ್ನಾದರೂ ಬೇಗ ತೆರೆಯೋಣ. ಅಂಕಪಟ್ಟಿಯ ಜೊತೆ ಕ್ರೀಡಾಪುಟವನ್ನೂ ಓದುವ ಹುಡುಗಿಗೆ, ಅದರಲ್ಲಿ ಏನು ಓದಿದೆ, ಯಾವ ತಂಡ ಯಾರನ್ನು ಏಕೆ ಕೊಂಡಿತು ಎಂದು ಕೇಳಿ ನೋಡಿ. ಆಕೆಯ ಉತ್ತರದಲ್ಲಿ ಒಂದು ವೃತ್ತಿಯೇ ಅಡಗಿರಬಹುದು.