ಮೇಕಿಂಗ್ ವಿಡಿಯೋದಲ್ಲಿ ಬೆವರು ಕಾಣ್ತದೆ, ಕರಾರು ಎಲ್ಲಿದೆ?

‘ಕಾಂತಾರ: ಅಧ್ಯಾಯ 1’ ತೆರೆಗೆ ಬರುವ ಮೊದಲೇ, 2025ರ ಜುಲೈನಲ್ಲಿ, ಅದರ ಮೇಕಿಂಗ್ ವಿಡಿಯೋ ಬಂತು. ಮೂರು ವರ್ಷದ ದುಡಿಮೆ, 250 ದಿನದ ಚಿತ್ರೀಕರಣ, ತೆರೆಯ ಹಿಂದೆ ಸಾವಿರಾರು ಜನ. ವಿಜಯಪುರದಲ್ಲಿ ಕೂತು ನೋಡಿದ ನನಗೂ ಮೈ ಜುಂ ಅಂತು. ಕನ್ನಡದವರು ಈ ಮಟ್ಟದ ಕೆಲಸ ಮಾಡ್ತಾರೆ ಅನ್ನೋದು ಖುಷಿಯ ವಿಷಯವೇ.

ಆದ್ರೆ ಇಂಥ ವಿಡಿಯೋಗಳು ದುಡಿಮೆಯನ್ನು ತೋರಿಸ್ತಾವೆ, ದುಡಿಮೆಯ ಷರತ್ತುಗಳನ್ನಲ್ಲ. ದಿನದ ಪಗಾರ ಎಷ್ಟು, ವಿಮೆ ಇದೆಯಾ, ಅವಘಡವಾದರೆ ಹೊಣೆ ಯಾರದು? ಯಾವುದೂ ಕಾಣಲ್ಲ.

ಪ್ರಶ್ನೆ ಸುಮ್ಮನೆ ಕೇಳ್ತಿಲ್ಲ. ಇದೇ ಚಿತ್ರದ ಕಿರಿಯ ಕಲಾವಿದರಿದ್ದ ಬಸ್ 2024ರ ನವೆಂಬರ್‌ನಲ್ಲಿ ಜಡ್ಕಲ್ ಬಳಿ ಪಲ್ಟಿಯಾಗಿ ಹಲವರು ಗಾಯಗೊಂಡರು. 2025ರ ಮೇನಲ್ಲಿ ಕಿರಿಯ ಕಲಾವಿದರೊಬ್ಬರು ಕೊಲ್ಲೂರಿನ ಸೌಪರ್ಣಿಕಾ ನದಿಯಲ್ಲಿ ಮುಳುಗಿ ತೀರಿಕೊಂಡರು. ಅಂದು ಚಿತ್ರೀಕರಣವೇ ಇರಲಿಲ್ಲ ಎಂದು ನಿರ್ಮಾಪಕರು ಹೇಳಿದರು. ಜೂನ್‌ನಲ್ಲಿ ಮಾಣಿ ಜಲಾಶಯದಲ್ಲಿ ತಂಡದ ದೋಣಿ ಮಗುಚಿತು, ಪುಣ್ಯಕ್ಕೆ ಎಲ್ಲರೂ ಪಾರಾದರು. ಒಂದೇ ಚಿತ್ರದ ಮಾತೂ ಅಲ್ಲ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ಗಾಗಿ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ಇಬ್ಬರು ನಟರು ಮೇಲೆ ಬರಲೇ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಸಿನಿಮಾ ಕಾರ್ಮಿಕರನ್ನು ಲಿಖಿತ ಕರಾರಿಲ್ಲದೆ ಕೆಲಸಕ್ಕೆ ತಗೋಬಾರದು ಅಂತ ಕೇಂದ್ರದ ಕಾಯ್ದೆ 1981ರಲ್ಲೇ ಬಂತು. 2024ರಲ್ಲಿ ಕರ್ನಾಟಕ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದವರ ಕ್ಷೇಮನಿಧಿಗೆ ಮಸೂದೆ ಒಪ್ಪಿತು: ಸಿನಿಮಾ ಟಿಕೆಟ್, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್.

ಇದನ್ನು ಕಟ್ಟಡ ಕೆಲಸದ ಜೊತೆ ಹೋಲಿಸಿ ನೋಡಿ. ಅಲ್ಲಿ ಕಾರ್ಮಿಕರ ಕ್ಷೇಮನಿಧಿಗೆ ವೆಚ್ಚದ ಶೇ 1ರಷ್ಟು ಸೆಸ್ ಕೊಡಬೇಕಾದವರು ಕಟ್ಟಿಸುವವರು. ಸಿನಿಮಾದಲ್ಲಿ ಆ ಭಾರ ಟಿಕೆಟ್ ತಗೊಳ್ಳೋ ಪ್ರೇಕ್ಷಕನ ಮೇಲೆ. ಮೇಲಾಗಿ ಕ್ಷೇಮನಿಧಿ ಕಷ್ಟ ಬಂದ ಮೇಲೆ ಕೈಹಿಡಿಯಬಹುದು. ದೋಣಿ ಹತ್ತೋ ಮುಂಚೆ ಲೈಫ್ ಜಾಕೆಟ್ ಕೊಡಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಬೇಗ ತಿಳೀತದೆ. ಇಲ್ಲಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗೋರು ಮೊದಲು ಕೇಳೋದೇ ‘ಮುಕಾದಮ ಯಾರು, ಪಗಾರ ಯಾವಾಗ ಕೊಡ್ತಾರ?’ ಅಂತ. ತಿಕೋಟಾ, ಬಬಲೇಶ್ವರದ ಹುಡುಗರು ಸಿನಿಮಾ ಸೆಟ್ಟಿಗೆ ಹೋದಾಗಲೂ ಅದನ್ನೇ ಕೇಳಬೇಕು. ಸೆಟ್ ಕಟ್ಟೋದೂ ದುಡಿಮೆ, ಸೈನಿಕನ ವೇಷ ಹಾಕಿ ದಿನವಿಡೀ ಬಿಸಿಲಲ್ಲಿ ನಿಲ್ಲೋದೂ ದುಡಿಮೆ. ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್‌ಶಾಹನ ಹೆಸರು ಉಳೀತು, ಕಲ್ಲು ಹೊತ್ತವರದ್ದು ಉಳೀಲಿಲ್ಲ. 17ನೇ ಶತಮಾನದಲ್ಲಿ ಕೇಳೋಕೆ ಕಾನೂನು ಇರಲಿಲ್ಲ. ಈಗ ಇದೆ.

ಸರ್ಕಾರದ ಕೈಯಲ್ಲಿ ಅಸ್ತ್ರವೂ ಇದೆ. ಜಲಾಶಯ, ಕಾಡಿನಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೊಡೋದು ಅದೇ, ಸಬ್ಸಿಡಿ ಕೊಡೋದೂ ಅದೇ. ಪ್ರತಿ ಕೆಲಸಗಾರನ ಕರಾರು, ವಿಮೆ, ಸ್ಥಳದಲ್ಲಿ ಜೀವರಕ್ಷಕರು, ಆ್ಯಂಬುಲೆನ್ಸ್ ಇಲ್ಲದಿದ್ದರೆ ಎರಡೂ ಇಲ್ಲ ಅಂತ ಹೇಳಲಿ. 2025ರ ಬಜೆಟ್‌ನಲ್ಲಿ ಮೈಸೂರಿನ 150 ಎಕರೆಯಲ್ಲಿ ₹500 ಕೋಟಿಯ ಚಿತ್ರನಗರಿ ಘೋಷಿಸಿದ ಸರ್ಕಾರ, ಈ ಷರತ್ತನ್ನು ಅಲ್ಲಿಂದಲೇ ಶುರು ಮಾಡಬಹುದು.