ಗೆಶ್ಚರ್ ಅಂದ್ರೆ ಸ್ಪೀಡ್ ಅಲ್ಲ ಗುರೂ

1/8
ಫೀಡ್ ತೆರೆದ್ರೆ ಸಾಕು, '30 ಸೆಕೆಂಡ್ ಗೆಶ್ಚರ್ ಚಾಲೆಂಜ್'. ಮೂಲೆಯಲ್ಲಿ ಟೈಮರ್ ಓಡ್ತಿರುತ್ತೆ, ಹಾಳೆ ಮೇಲೆ ಕೈ ಸರಸರ ಓಡ್ತಿರುತ್ತೆ, ಹಿಂದೆ ಒಂದು ಟ್ರೆಂಡಿಂಗ್ ಹಾಡು. ಕೊನೆಗೆ ಸುರುಳಿ ಸುರುಳಿ ಗೆರೆಗಳಲ್ಲಿ ಒಬ್ಬ ಮನುಷ್ಯ. ಕೆಳಗೆ ಬೆಂಕಿ ಇಮೋಜಿಗಳ ಸಾಲು.

ಆ ಮನುಷ್ಯ ಏನು ಮಾಡ್ತಿದ್ದಾನೆ ಅಂತ ಬರೆದವರನ್ನೇ ಕೇಳಿ ನೋಡಿ. ನಿಂತಿದ್ದಾನಾ, ಬೀಳ್ತಿದ್ದಾನಾ? ಭಾರ ಯಾವ ಕಾಲಿನ ಮೇಲಿದೆ? ಬಹಳ ಸಲ ಉತ್ತರ ಇರಲ್ಲ.

ಈ ಸರಣಿಯಲ್ಲಿ ನನ್ನ ವಾದ ಒಂದೇ. ದೇಹ ಆ ಹೊತ್ತಿನಲ್ಲಿ ಏನು ಮಾಡ್ತಿದೆ ಅಂತ ಅರ್ಥ ಮಾಡ್ಕೊಂಡು ಬರೆಯೋದೇ ಗೆಶ್ಚರ್. ಅದಿಲ್ಲದೆ ಫಿಗರ್ ಡ್ರಾಯಿಂಗೇ ಇಲ್ಲ. ಅಂಥದ್ದನ್ನ ನಾವು ಐದು ನಿಮಿಷದ ವಾರ್ಮ್‌ಅಪ್ ಮಾಡಿ ಮೂಲೆಗೆ ಕೂರಿಸಿದ್ದೇವೆ, ಉಳಿದ ಹೊತ್ತನ್ನೆಲ್ಲ ಫೋಟೋ ನಕಲಿಗೆ ಕೊಟ್ಟಿದ್ದೇವೆ. ಜಗಳ ಆಡೋರು ಎಂಟೂ ಓದಿ, ಆಮೇಲೆ ಬನ್ನಿ.

2/8
ಮೊದಲು ಪದದ ಗೊಂದಲ ಬಗೆಹರಿಸೋಣ. ಗೆಶ್ಚರ್ ಅಂದ ಕೂಡಲೇ ಕೆಲವರು ಕೈಸನ್ನೆ ಅಂದ್ಕೋತಾರೆ, ಕೆಲವರು ಭಂಗಿ ಅಂತಾರೆ. ಭಂಗಿಯನ್ನ ಅಳತೆ ಮಾಡಬಹುದು, ಗ್ರಿಡ್ ಹಾಕಿ ಹಾಳೆಗೆ ಇಳಿಸಬಹುದು. ಗೆಶ್ಚರ್ ಇರೋದು ಆ ಭಂಗಿಗೆ ಕಾರಣ ಏನು ಅನ್ನೋದರಲ್ಲಿ.

ಗೋಡೆಗೆ ಭುಜ ಕೊಟ್ಟು ಒರಗಿದವನನ್ನೂ, ಅದೇ ಗೋಡೆಯನ್ನ ಭುಜದಿಂದ ತಳ್ತಿರೋನನ್ನೂ ದೂರದಿಂದ ನೋಡಿ. ಇಬ್ಬರ ಆಕಾರ ಹೆಚ್ಚುಕಮ್ಮಿ ಒಂದೇ. ಆದ್ರೆ ಒಬ್ಬನ ಭಾರವನ್ನ ಗೋಡೆ ಹೊತ್ತಿದೆ. ಇನ್ನೊಬ್ಬ ಹಿಮ್ಮಡಿಯಿಂದ ಹೆಗಲವರೆಗೆ ದುಡೀತಿದ್ದಾನೆ. ಗ್ರಿಡ್‌ಗೆ ಈ ವ್ಯತ್ಯಾಸ ಗೊತ್ತಾಗಲ್ಲ.

ಶಾಲೆಯ ವ್ಯಾಕರಣದಲ್ಲೇ ಹೇಳ್ತೀನಿ. ಕಣ್ಣು, ಮೂಗು, ಮೀಸೆ, ಸೀರೆಯ ಅಂಚು ಎಲ್ಲ ನಾಮಪದ. ಗೆಶ್ಚರ್ ಕ್ರಿಯಾಪದ. 'ಅಜ್ಜಿ, ಬಾವಿ, ಹಗ್ಗ, ಕೊಡ' ಅಂತ ಎಷ್ಟೇ ಮುದ್ದಾದ ಅಕ್ಷರದಲ್ಲಿ ಬರೆದಿಟ್ರೂ ಓದೋರು 'ಸರಿ, ಏನಾಯ್ತು?' ಅಂತ ಕೇಳೇ ಕೇಳ್ತಾರೆ.

3/8
ಇದು ನಾನು ಹೊಸದಾಗಿ ಕಟ್ಟಿದ ಮಾತಲ್ಲ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಮಾಡ್ತಿದ್ದ ಕಿಮೋನ್ ನಿಕೊಲೈಡೀಸ್ ಅನ್ನೋ ಮೇಷ್ಟ್ರ ಪುಸ್ತಕ 'ದಿ ನ್ಯಾಚುರಲ್ ವೇ ಟು ಡ್ರಾ' 1941ರಲ್ಲಿ ಬಂತು, ಅವರು ತೀರಿಕೊಂಡ ಮೇಲೆ. ಗೆಶ್ಚರ್ ಅಭ್ಯಾಸ ಆರ್ಟ್ ಕ್ಲಾಸುಗಳಲ್ಲಿ ಹರಡಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ವಸ್ತು ಹೇಗೆ ಕಾಣುತ್ತೆ ಅನ್ನೋದನ್ನ ಬಿಟ್ಟು ಏನು ಮಾಡ್ತಿದೆ ಅನ್ನೋದನ್ನ ಹಿಡೀರಿ ಅನ್ನೋದು ಅಲ್ಲಿನ ಪಾಠದ ಸಾರ.

ಅಲ್ಲೂ ಪೋಸ್‌ಗಳು ಚಿಕ್ಕವೇ, ಒಂದು ನಿಮಿಷದ ಆಸುಪಾಸು. ರೀಲ್‌ನವರು ಹಿಡ್ಕೊಂಡಿದ್ದು ಇದನ್ನ ಮಾತ್ರ. ಸಮಯ ಕಮ್ಮಿ ಇಟ್ಟಿದ್ದು ಯಾಕೆ ಅಂತ ಯೋಚಿಸಿ. ರೆಪ್ಪೆ, ಉಗುರು, ಅಂಗಿಯ ಗುಂಡಿಗಳ ಹಿಂದೆ ಹೋಗೋಕೆ ಪುರುಸೊತ್ತು ಸಿಗದೆ, ಕಣ್ಣು ನೇರವಾಗಿ ಕ್ರಿಯೆಯ ಮೇಲೆ ಬೀಳಲಿ ಅಂತ. ಟೈಮರ್ ಅನ್ನೋದು ಬೇಲಿ. ನಾವು ಬೆಳೆ ಬಿಟ್ಟು ಬೇಲಿಗೆ ನೀರು ಹಾಯಿಸ್ತಿದ್ದೇವೆ.

ಕ್ರಿಯೆ ಅರ್ಥ ಆದವರು ಎರಡು ಗಂಟೆ ಕೂತು ಬರೆದ್ರೂ ಚಿತ್ರದಲ್ಲಿ ಗೆಶ್ಚರ್ ಇರುತ್ತೆ. ಅರ್ಥ ಆಗದವರು 10 ಸೆಕೆಂಡಲ್ಲಿ ಮುಗಿಸಿದ್ರೂ ಇರಲ್ಲ.

4/8
ಉದಾಹರಣೆ ಬೇಕಾ? ರೆಂಬ್ರಾಂಟ್ 1650ರ ದಶಕದಲ್ಲಿ ಬರೆದ ಒಂದು ಪುಟ್ಟ ಮಸಿ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮಗುವಿಗೆ ನಡೆಯೋಕೆ ಕಲಿಸ್ತಿರೋ ಚಿತ್ರ. ಹುಡುಕಿ ನೋಡಿ, ಆನ್‌ಲೈನ್‌ನಲ್ಲಿ ಸಿಗುತ್ತೆ.

ಇಬ್ಬರು ಹೆಂಗಸರು ಮಗುವನ್ನ ಎರಡೂ ಕಡೆಯಿಂದ ಹಿಡ್ಕೊಂಡಿದ್ದಾರೆ. ಎದುರಿಗೆ ಒಬ್ಬ ಕುಕ್ಕರಗಾಲಲ್ಲಿ ಕೂತು ಬಾ ಬಾ ಅಂತ ಕೈ ಚಾಚಿದ್ದಾನೆ. ಹಿಂದೆ ಹಾಲಿನವಳು ಒಂದು ಕೈಯಲ್ಲಿ ಬಕೆಟ್ ಹಿಡಿದು ಹೋಗ್ತಿದ್ದಾಳೆ. ಬಕೆಟ್ ತುಂಬಿದೆ ಅಂತ ನಮಗೆ ಹೇಗೆ ಗೊತ್ತು? ಹಾಲನ್ನ ಅವನು ಬರೆದೇ ಇಲ್ಲ. ಅವಳ ಮೈ ವಾಲಿರೋ ರೀತಿ ಹೇಳುತ್ತೆ, ಇನ್ನೊಂದು ಕೈ ಸಮತೂಕಕ್ಕೆ ಅಗಲವಾಗಿ ಚಾಚಿರೋದು ಹೇಳುತ್ತೆ. ಮುಖಗಳು ಅಂದ್ರೆ ನಾಲ್ಕೈದು ಗೀಟು. ಆದ್ರೂ ಆ ಮಗು ಈಗ ಹೆಜ್ಜೆ ಇಡುತ್ತಾ, ತೊಪ್ಪಂತ ಕೂತುಬಿಡುತ್ತಾ ಅನ್ನೋ ಕಾತರ ನಮಗೂ ಬರುತ್ತೆ.

ನಿಮ್ಮ 40 ಗಂಟೆಯ ಪೆನ್ಸಿಲ್ ಪೋರ್ಟ್ರೇಟ್‌ನಲ್ಲಿ ಚರ್ಮದ ರಂಧ್ರ ಎಣಿಸಬಹುದು. ಆ ಮನುಷ್ಯ ಮುಂದಿನ ಕ್ಷಣ ಏನು ಮಾಡ್ತಾನೆ ಅಂತ ಹೇಳಬಹುದಾ?

5/8
'ಹಾಗಾದ್ರೆ ಡೀಟೇಲ್ ಬೇಡವಾ?' ಅಂತ ಮೊದಲನೇ ಕಾಮೆಂಟ್ ಬರುತ್ತೆ. ಬೇಲೂರಿಗೆ ಹೋಗಿ ಬನ್ನಿ ಅನ್ನೋದೇ ಉತ್ತರ.

1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಿಗಿಂತ ಹೆಚ್ಚು ಡೀಟೇಲ್ ಯಾರು ಮಾಡ್ತೀರಿ? ಬಳೆ, ಸರ, ಜಡೆ, ತಲೆಯ ಮೇಲೆ ಬಳ್ಳಿಯ ಕಮಾನು, ಎಲ್ಲ ಇದೆ. ಆದ್ರೆ ದರ್ಪಣ ಸುಂದರಿಯ ಒಡವೆ ಕಣ್ಣಿಗೆ ಬೀಳೋ ಮೊದಲೇ ಅವಳ ನಿಲುವು ಬೀಳುತ್ತೆ. ಶಿಲ್ಪಿಗಳು ಇದಕ್ಕೆ ಪದಗಳನ್ನೇ ಇಟ್ಕೊಂಡಿದ್ರು: ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ. ಭಂಗಿ ಅನ್ನೋ ಮಾತಿನ ಒಳಗೇ 'ಭಂಗ' ಇದೆ, ಅಂದ್ರೆ ಬಾಗು. ದೇಹ ಎಲ್ಲಿ ಬಾಗಿದೆ ಅನ್ನೋದು ಮೊದಲು, ಒಡವೆ ಆಮೇಲೆ.

ನಮ್ಮ ಕೆ.ಕೆ. ಹೆಬ್ಬಾರರನ್ನೂ ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಲಯ ತಿಳಿಯೋಕೆ ಕಥಕ್ ಕಲಿತವರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ 'ದಿ ಸಿಂಗಿಂಗ್ ಲೈನ್'. ಕುಣಿತ ಬರೆಯೋಕೆ ತಾವೇ ಕುಣಿತದ ಪಾಠಕ್ಕೆ ಹೋದ್ರು. ನಾವು ಪಿನ್‌ಟ್ರೆಸ್ಟ್‌ಗೆ ಹೋಗ್ತೀವಿ.

6/8
ಈಗ ಫೋನ್ ಕೆಳಗಿಟ್ಟು ಎದ್ದು ನಿಲ್ಲಿ. ನಿಜವಾಗ್ಲೂ.

ಪೂರ್ತಿ ಭಾರ ಎಡಗಾಲಿನ ಮೇಲೆ ಹಾಕಿ, ಬಲ ಮಂಡಿ ಸಡಿಲ ಬಿಡಿ. ಎಡ ಸೊಂಟ ಮೇಲೇರುತ್ತೆ, ಬಲ ಸೊಂಟ ಇಳಿಯುತ್ತೆ. ಭುಜಗಳು ಅದಕ್ಕೆ ಎದುರಾಗಿ ವಾಲುತ್ತವೆ, ಎಡ ಭುಜ ಕೆಳಗೆ ಬರುತ್ತೆ. ಕತ್ತಿನ ಗುಳಿಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ರೆ ಅದು ಎಡ ಪಾದದ ಹತ್ತಿರ ಬಂದು ನಿಲ್ಲುತ್ತೆ. ಇದನ್ನ ಮೈಯಲ್ಲಿ ಒಂದು ಸಲ ಅನುಭವಿಸಿದ್ರೆ ಸಾಕು, ನಿಂತ ಮನುಷ್ಯನನ್ನ ಮತ್ತೆ ಕಂಬದ ಥರ ಬರೆಯೋಕೆ ಆಗಲ್ಲ.

ಹೊರೆ ಬಂದ್ರೆ ಲೆಕ್ಕ ಬದಲಾಗುತ್ತೆ. ಸೊಂಟದ ಮೇಲೆ ಕೊಡ ಇಟ್ಟವಳ ಸೊಂಟ ಕೊಡದ ಕಡೆಗೆ ಚಾಚುತ್ತೆ, ಮೇಲಿನ ಮೈ ಎದುರು ಕಡೆಗೆ ವಾಲುತ್ತೆ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲಿ ಮುಂದಕ್ಕೆ ಬಾಗಲೇಬೇಕು, ಇಲ್ಲಾಂದ್ರೆ ಮೂಟೆ ಅವನನ್ನ ಹಿಂದಕ್ಕೆ ಕೆಡವುತ್ತೆ. ತಲೆ ಮೇಲೆ ಪುಟ್ಟಿ ಹೊತ್ತವಳ ಕತ್ತು ನೆಟ್ಟಗಿರುತ್ತೆ, ಓಲಾಟವೆಲ್ಲ ಸೊಂಟದ ಕೆಳಗೆ. ಕಣ್ಣು ಇದನ್ನ ಓದೋಕೆ ಕಲಿತ ಮೇಲೆ ಗೆರೆ ವೇಗವಾಗಿ ಬಂದ್ರೂ ಸರಿ, ನಿಧಾನವಾಗಿ ಬಂದ್ರೂ ಸರಿ.

7/8
ಎದುರು ವಾದಗಳಿಗೆ ಬರ್ತೀನಿ.

'ಫೋಟೋ ನೋಡಿ ಪೋರ್ಟ್ರೇಟ್ ಮಾಡಿದ್ರೆ ದುಡ್ಡು ಬರುತ್ತೆ.' ಬರಲಿ. ತೀರಿಹೋದ ತಾತನ ಮುಖ ಗೋಡೆ ಮೇಲೆ ಬೇಕು ಅನ್ನೋ ಮನೆಯವರಿಗೆ ಅದು ದೊಡ್ಡ ವಿಷಯ, ಆ ಕೆಲಸಕ್ಕೂ ತಾಳ್ಮೆ ಬೇಕು. ಎಷ್ಟೋ ಜನರ ಫೀಸು ಅದರಿಂದಲೇ ಕಟ್ಟಾಗ್ತಿದೆ. ಮಾಡಿ. ಆದ್ರೆ ಅದನ್ನೇ ಫಿಗರ್ ಡ್ರಾಯಿಂಗ್ ಅಂತ ಜೂನಿಯರ್ಸ್‌ಗೆ ಕಲಿಸಬೇಡಿ.

'ಮೊದಲು ಅನಾಟಮಿ ಬರಲಿ.' ಅನಾಟಮಿ ಬೇಕೇ ಬೇಕು. ಅದು ಒಳಗೆ ಏನೇನಿದೆ ಅಂತ ಹೇಳುತ್ತೆ. ಅದರಲ್ಲಿ ಈಗ ಯಾವುದು ದುಡೀತಿದೆ, ಯಾವುದು ಸುಮ್ಮನೆ ಜೋತಾಡ್ತಿದೆ ಅಂತ ಹೇಳೋದು ಗೆಶ್ಚರ್. ಎಲ್ಲ ಸ್ನಾಯುವನ್ನೂ ಒಂದೇ ಬಿಗಿಯಲ್ಲಿ ಬರೆದ್ರೆ ಮನುಷ್ಯ ಕಾಣಲ್ಲ, ಗೋಣಿಚೀಲದಲ್ಲಿ ಆಲೂಗಡ್ಡೆ ಕಾಣುತ್ತೆ.

ಇನ್ನು ನಮ್ಮ ಕ್ಲಾಸಿನ ವಿಷಯ. ಮಾಡೆಲ್ ಕೂರಿಸೋ ಗಂಟೆಗಳನ್ನ ಕಮ್ಮಿ ಮಾಡಿ, 'ಫೋಟೋ ತಗೊಂಡು ಮನೇಲಿ ಮುಗಿಸಿ' ಅಂತ ಹೇಳೋದು ಶುರುವಾಗಿದೆ. ಬೆಳಗ್ಗೆ ಬೇಗ ಬರೋದು ತಪ್ಪಿತು ಅಂತ ಕೆಲವರಿಗೆ ಖುಷಿ. ಆದ್ರೆ ಫೋಟೋದಲ್ಲಿರೋ ಮಾಡೆಲ್‌ಗೆ ಸುಸ್ತಾಗಲ್ಲ. ಎದುರಿಗೆ ನಿಂತವರ ಮಂಡಿ ಹತ್ತು ನಿಮಿಷಕ್ಕೆ ನಡುಗುತ್ತೆ, ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಜಾರುತ್ತೆ, ಉಸಿರಿಗೆ ಎದೆಗೂಡು ಏಳುತ್ತೆ. ನಾವು ಕಲೀಬೇಕಾದ ಪಾಠ ಅದೇ. ಅದನ್ನೇ ಟೈಮ್‌ಟೇಬಲ್‌ನಿಂದ ತೆಗೀತಿದ್ದಾರೆ. ಕಾಂಪೊಸಿಷನ್‌ಗೆ 'ಸಂತೆ' ಅಂತ ವಿಷಯ ಕೊಟ್ಟ ದಿನ ಇದರ ಫಲ ಕಾಣುತ್ತೆ: ಹೊರೋರು, ತೂಗೋರು, ಕೂಗೋರು, ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಂತಿರ್ತಾರೆ.

8/8
ಏನು ಮಾಡಬೇಕು ಅಂತೀರಾ?

ಒಂದು. ಮಾಡೆಲ್ ಗಂಟೆಗಳನ್ನ ವಾಪಸ್ ಕೊಡಿ ಅಂತ ಡಿಪಾರ್ಟ್‌ಮೆಂಟಿಗೆ ಪತ್ರ ಬರೆದಿದ್ದೀನಿ. ಕ್ಲಾಸಿನವರು ಸೋಮವಾರ ಊಟದ ಬ್ರೇಕ್‌ನಲ್ಲಿ ಓದಿ, ಒಪ್ಪಿಗೆ ಆದ್ರೆ ಸಹಿ ಹಾಕಿ.

ಎರಡು. ಪೆನ್ಸಿಲ್ ಹಾಳೆಗೆ ತಾಗೋ ಮೊದಲು ಮೂಲೆಯಲ್ಲಿ ಒಂದು ಕ್ರಿಯಾಪದ ಬರೀರಿ. ಕನ್ನಡದಲ್ಲೇ ಬರೀರಿ, ನಮ್ಮ ಹತ್ರ ಬೇಕಾದಷ್ಟಿವೆ: ಒರಗು, ವಾಲು, ಬಾಗು, ಜಗ್ಗು, ಕುಕ್ಕರಿಸು, ಏದು, ತಡವರಿಸು. 'ನಿಂತಿದ್ದಾನೆ' ಅನ್ನೋದಕ್ಕಿಂತ ಹತ್ತಿರದ ಪದ ಸಿಗೋವರೆಗೆ ನೋಡ್ತಾ ಇರಿ. ಚಿತ್ರ ಮುಗಿದ ಮೇಲೆ ಆ ಪದವನ್ನ ಕೈಯಿಂದ ಮುಚ್ಚಿ ಪಕ್ಕದವರಿಗೆ ತೋರಿಸಿ. ಅವರ ಬಾಯಲ್ಲೂ ಅದೇ ಪದ ಬಂದ್ರೆ ಚಿತ್ರ ಪಾಸ್.

ಮೂರು. ಭಾನುವಾರ ಬೆಳಗ್ಗೆ 6ಕ್ಕೆ ಕೆ.ಆರ್. ಮಾರ್ಕೆಟ್. ಫೋನ್ ಬ್ಯಾಗಲ್ಲಿರಲಿ, ಒಂದು ಬಾಲ್‌ಪೆನ್ ಸಾಕು. ದಾರಿಗೆ ಅಡ್ಡ ನಿಲ್ಲಬೇಡಿ, ಅಲ್ಲಿ ಎಲ್ಲರೂ ಕೆಲಸದಲ್ಲಿರ್ತಾರೆ. ಯಾರಾದ್ರೂ 'ನನ್ನದು ಬರೀಬೇಡಪ್ಪ' ಅಂದ್ರೆ ಹಾಳೆ ತಿರುವಿ. ಬರೆಯೋಕೆ ಬಿಟ್ಟವರಿಗೆ ಚಿತ್ರ ತೋರಿಸಿ. ಮೂಟೆ ಎತ್ತೋದು ಹೀಗಲ್ಲ ಅಂತ ಅವರೇ ತಿದ್ದುತ್ತಾರೆ, ಅಷ್ಟು ಒಳ್ಳೆ ಕ್ರಿಟಿಕ್ ಇನ್ನೆಲ್ಲೂ ಸಿಗಲ್ಲ.

ಈಗ ನಿಮ್ಮ ಕೊನೆಯ ಫಿಗರ್ ಚಿತ್ರ ತೆಗೆದು ನೋಡಿ. ಅದರ ಕ್ರಿಯಾಪದ ಯಾವುದು? ಕಾಮೆಂಟಲ್ಲಿ ಒಂದೇ ಪದ ಬರೀರಿ. ಬೆಂಕಿ ಇಮೋಜಿ ಹಾಕಿದ್ರೆ ಡಿಲೀಟ್ ಮಾಡ್ತೀನಿ.

#ಗೆಶ್ಚರ್ #ಫಿಗರ್‌ಡ್ರಾಯಿಂಗ್ #ಕ್ರಿಯಾಪದ #ಸ್ಕೆಚ್‌ಬುಕ್