ವಿಜ್ಞಾನದ ಪುಟ: ಸೀಸೆಯಲ್ಲಿ ಹುಟ್ಟುವ ಬಿತ್ತನೆ ಆಲೂಗೆಡ್ಡೆ



ಇಲ್ಲಿಯ ಹಾಯಿಲ್ ಪ್ರಾಂತ್ಯದ ಮರಳಿನಲ್ಲಿ ಬೆಳೆದ ಆಲೂಗೆಡ್ಡೆಯನ್ನು ನಾವು ಪಲ್ಯಕ್ಕೆ ಹೆಚ್ಚುತ್ತೇವೆ. ಅದರ ಬಿತ್ತನೆ ಗೆಡ್ಡೆ ಬಹುಮಟ್ಟಿಗೆ ಹಾಲೆಂಡಿನಂಥ ತಂಪು ದೇಶಗಳಿಂದ ಹಡಗೇರಿ ಬರುತ್ತದೆ. ಮರುಭೂಮಿಯ ಮಾತು ಹಾಗಿರಲಿ, ನಮ್ಮ ಹಾಸನದ ರೈತನೂ ಪ್ರತಿ ಮುಂಗಾರಿಗೆ ಪಂಜಾಬಿನ ಜಲಂಧರದ ಲಾರಿಗಾಗಿ ಕಾಯುತ್ತಾನೆ! ಸಾಗುವಳಿ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಬೀಜಕ್ಕೇ ಹೋಗುತ್ತದೆ. ಬಂದದ್ದು ನಿಜವಾದ ಬಿತ್ತನೆ ಗೆಡ್ಡೆಯೋ, ಅಡುಗೆಯ ಗೆಡ್ಡೆಯೋ ಎಂಬುದು ಬಿತ್ತಿದ ಮೇಲೆಯೇ ಗೊತ್ತು.

ಸ್ವಂತ ಬೆಳೆಯಿಂದಲೇ ಏಕೆ ಎತ್ತಿಡಬಾರದು? ರಾಗಿಯಂತೆ ಇದನ್ನು ಕಾಳಿನಿಂದ ಬೆಳೆಯುವುದಿಲ್ಲ. ಗೆಡ್ಡೆಗೆ ಸೇರಿದ ವೈರಸ್ ಮುಂದಿನ ಗಿಡಕ್ಕೂ ಇಳಿಯುತ್ತದೆ, ಗಿಡಹೇನು ಅದನ್ನು ಹೊಲವೆಲ್ಲ ಹರಡುತ್ತದೆ. ಕೆಲವೇ ಬೆಳೆಗಳಲ್ಲಿ ಇಳುವರಿ ಕುಸಿಯುತ್ತದೆ.

ಇದಕ್ಕೆ ಪರಿಹಾರ ಅಂಗಾಂಶ ಕೃಷಿ. ಕುಡಿಯ ತುತ್ತತುದಿಯ, ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಚೂರಿನಲ್ಲಿ ವೈರಸ್ ಸಾಮಾನ್ಯವಾಗಿ ಇರುವುದಿಲ್ಲ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಇದನ್ನು ಡೇಲಿಯಾ ಗಿಡದಲ್ಲಿ ತೋರಿಸಿದರು; ಬಳಿಕ ಆಲೂಗೆಡ್ಡೆಯ ಸರದಿ ಬಂತು. ರಸಾಯನಶಾಸ್ತ್ರದವನಾದ ನನಗೆ ಸೊಗಸೆನಿಸುವುದು ಆ ಚೂರಿನ ಊಟ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಬರೆದಿಟ್ಟ ಪಾಕ ಅದು: ನೈಟ್ರೇಟ್, ಪೊಟಾಸಿಯಂ, ಚಿಟಿಕೆ ಕಬ್ಬಿಣ, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ಇದನ್ನು 121 ಡಿಗ್ರಿಯ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಪ್ರೆಷರ್ ಕುಕ್ಕರಿನ ಕೆಲಸವೇ ಅನ್ನಿ. ಬೆಳೆದ ಸಸಿಗೆ ವೈರಸ್ ಪರೀಕ್ಷೆ ಮಾತ್ರ ತಪ್ಪಬಾರದು. ಪಾಸಾದದ್ದನ್ನು ಗೆಣ್ಣು ಗೆಣ್ಣಾಗಿ ಕತ್ತರಿಸಿ ಸೀಸೆಗೆ ಹಾಕಿದರೆ ಒಂದೊಂದು ಗೆಣ್ಣೂ ಹೊಸ ಗಿಡ.

ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ಜೊತೆಗೂಡಿ, ಇನ್ನೊಂದು ಹೆಜ್ಜೆ ಇಟ್ಟಿದೆ. ಸೀಸೆಯ ಗಿಡಗಳನ್ನು ಹೇನು ನುಸುಳದ ಬಲೆಮನೆಯಲ್ಲಿ ತೆಂಗಿನ ನಾರಿನ ಪುಡಿಗೆ ನೆಟ್ಟು, ಕುಡಿ ಚಿವುಟಿ ಬೇರು ಬರಿಸಿ, ಆ ಸಸಿಗಳನ್ನೇ ರೈತರಿಗೆ ಕೊಡುವುದು. ರೈತ ಟೊಮೇಟೊ ಸಸಿಯಂತೆ ನೆಟ್ಟು ಗೆಡ್ಡೆ ಕೀಳುತ್ತಾನೆ. ಅದೇ ಅವನ ಬೀಜ. ವಿಯೆಟ್ನಾಮಿನ ದಾಲತ್ ಊರಿನ ರೈತ ಕುಟುಂಬಗಳು 1980ರ ದಶಕದ ಆರಂಭದಲ್ಲೇ ಇಂಥ ಸಸಿಗಳನ್ನು ತಾವೇ ಬೆಳೆಸುತ್ತಿದ್ದವು. ನಮ್ಮವರಿಗೇಕೆ ಆಗದು?

ಆದರೆ ಅಂಗಮಾರಿ ರೋಗಕ್ಕೆ ಶುದ್ಧ ಬೀಜವೊಂದೇ ಸಾಲದು; ಕುಫ್ರಿ ಹಿಮಾಲಿನಿಯಂಥ ತಡೆದುಕೊಳ್ಳುವ ತಳಿಯೂ ಬೇಕು. ಅದಕ್ಕಿಂತ ದೊಡ್ಡ ತೊಡಕು, ಆಗಸ್ಟ್-ಸೆಪ್ಟೆಂಬರಿನಲ್ಲಿ ಕಿತ್ತ ಗೆಡ್ಡೆಯನ್ನು ಮುಂದಿನ ಮೇ ತನಕ ಶೀತಲಗೃಹದಲ್ಲಿ ಕಾಯಬೇಕು. ಎರಡೆಕರೆಯವನು ಆ ಬಾಡಿಗೆ ಹೇಗೆ ಕೊಟ್ಟಾನು?

ಹಾಸನದ ಕಡೆಯ ಸದಸ್ಯರು ರಜೆಗೆ ಹೋದಾಗ ಸಸಿ ನೆಟ್ಟವರನ್ನು ವಿಚಾರಿಸಿ ಬಂದರೆ ಮುಂದಿನ ಸಂಚಿಕೆಗೆ ಅನುಕೂಲ.